ಕೊಚ್ಚಿಕೊಳ್ಳುವುದಲ್ಲ, ಲೆಕ್ಕ ಒಪ್ಪಿಸುವುದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿ ಗೋಷ್ಠಿಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಮೊದಲಿಗೆ ಒಂದು ಸ್ಪಷ್ಟನೆ. ಈ ಭಾಷಣದ ಉದ್ದಕ್ಕೂ ನಾವು 'ನಾವು' ಎಂದೇ ಮಾತನಾಡುತ್ತೇವೆ. ಅದು ದೊಡ್ಡಸ್ತಿಕೆಯ 'ನಾವು' ಅಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಲೆಕ್ಕಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಇಬ್ಬರು ಮೇಷ್ಟರು ಕೂಡಿ ಸಿದ್ಧಪಡಿಸಿದ ಮಾತು ಇದು. ಮಾತು ಇಬ್ಬರದು, ನಿಂತು ಹೇಳುವ ಬಾಯಿ ಒಂದು. ಈ 'ನಾನು', 'ನಾವು' ಎಂಬ ವಿಚಾರ ಮುಂದೆ ಮತ್ತೆ ಬರುತ್ತದೆ. ಅದಕ್ಕೇ ಈಗಲೇ ಹೇಳಿಟ್ಟಿದ್ದೇವೆ.

ಅಧ್ಯಕ್ಷರು ಮನೆಗೆ ಬಂದು ಕರೆದಾಗ ಹೇಳಿದ ಮಾತು ಇಷ್ಟೇ: "ನಮ್ಮ ಹುಡುಗ್ರು ಮಾರ್ಕ್ಸ್ ತಗೊತಾರೆ ಸಾರ್. ಆದ್ರೆ ಇಂಟರ್‌ವ್ಯೂನಲ್ಲಿ ಬಾಯಿ ಬಿಡೋದಿಲ್ಲ. ಇಂಗ್ಲಿಷ್‌ನಲ್ಲಿ ನಾಲ್ಕು ಜನರ ಮುಂದೆ ನಿಂತು ವಿಷಯ ಹೇಳೋದು, ತಮ್ಮ ಬಗ್ಗೆ ಹೇಳ್ಕೊಳ್ಳೋದು ಹೇಗೆ ಅಂತ ಸ್ವಲ್ಪ ತಿಳಿಸಿ." ಈ ಮಾತು ನಮ್ಮ ಎದೆಗೇ ತಾಗಿತು. ಯಾಕೆ ಅಂದರೆ, ಅದೇ ವಿಷಯದಲ್ಲಿ ನಾವು ಒಮ್ಮೆ ಸೋತವರು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಒಬ್ಬ ಹೆಣ್ಣುಮಗಳು ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದಳು. ಲೆಕ್ಕದಲ್ಲಿ ಬಹಳ ಚುರುಕು. ಅವಳ ಊರಿನ ಹಾಲಿನ ಸಂಘದ ಕಾರ್ಯದರ್ಶಿ ಕಾಯಿಲೆ ಬಿದ್ದಾಗ ಎರಡು ಬೇಸಿಗೆ ರಜೆ ಪೂರ್ತಿ ಹಾಲು ಖರೀದಿ ಪುಸ್ತಕ ಬರೆದವಳು, ಬಟವಾಡೆ ಪಟ್ಟಿ ತಯಾರಿಸಿದವಳು ಅವಳೇ. ಜಿಡ್ಡಿನ ಅಂಶ ತಪ್ಪಾಗಿ ನಮೂದಾಗಿ ಕೆಲವರಿಗೆ ಕಡಿಮೆ ಹಣ ಹೋಗುತ್ತಿದ್ದುದನ್ನು ಹುಡುಕಿ ತೆಗೆದು ಸರಿಪಡಿಸಿದ್ದಳು. ಇಂಥ ಕೆಲಸ ನಗರದ ಎಷ್ಟು ಮಂದಿ ವಿದ್ಯಾರ್ಥಿಗಳು ಮಾಡಿರುತ್ತಾರೆ, ನೀವೇ ಹೇಳಿ.

ಸಂದರ್ಶನದಲ್ಲಿ ಮೊದಲ ಪ್ರಶ್ನೆ, 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.' ನಿನ್ನ ಬಗ್ಗೆ ಹೇಳು ಅಂತ. ಅವಳು ತನ್ನ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು, ಊರು ಹೇಳಿದಳು, ಹಾಡು ಕೇಳುವುದು ಹವ್ಯಾಸ ಅಂದಳು. ಅಲ್ಲಿಗೆ ಮಾತು ನಿಂತಿತು. ಸಂಘದ ಲೆಕ್ಕದ ವಿಷಯ ಬಾಯಿಗೇ ಬರಲಿಲ್ಲ. ಕೆಲಸವೂ ಬರಲಿಲ್ಲ.

ನಮಗೆ ಮೊದಲು ಆ ಕಂಪನಿಯ ಮೇಲೆ ಸಿಟ್ಟು ಬಂತು. ಹಳ್ಳಿ ಮಕ್ಕಳನ್ನು ಇಂಗ್ಲಿಷಿನ ನೆಪದಲ್ಲಿ ಹೊರಗಿಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದೆವು. ಆಮೇಲೆ ಅವಳನ್ನು ಕೂರಿಸಿಕೊಂಡು, "ಇಂಗ್ಲಿಷ್ ಬಿಡಮ್ಮ, ಕನ್ನಡದಲ್ಲೇ ಹೇಳು. ನೀನು ಏನೇನು ಕೆಲಸ ಮಾಡಿದ್ದೀಯ?" ಎಂದು ಕೇಳಿದೆವು. ಅವಳ ಉತ್ತರ ಈಗಲೂ ಕಿವಿಯಲ್ಲಿದೆ: "ಏನೂ ಇಲ್ಲ ಸಾರ್. ಸುಮ್ನೆ ಡೈರಿನಲ್ಲಿ ಲೆಕ್ಕ ಬರೀತಿದ್ದೆ."

ಸುಮ್ನೆ! ಆ ಒಂದು ಪದದಲ್ಲಿ ನಮ್ಮ ತಪ್ಪೆಲ್ಲ ಇತ್ತು. ಮೂರು ವರ್ಷ ಅವಳಿಗೆ ಪ್ರಬಂಧ, ಪತ್ರಲೇಖನ, ಸಾರಾಂಶ ಬರೆಯಿಸಿದೆವು. ಎದ್ದು ನಿಂತು ನೀನು ಮಾಡಿದ ಕೆಲಸ ಹೇಳು ಎಂದು ಒಂದು ದಿನವೂ ಕೇಳಲಿಲ್ಲ. ಅವಳಿಗೆ ಇಂಗ್ಲಿಷ್ ತಡವರಿಸುತ್ತಿತ್ತು, ನಿಜ. ಆದರೆ ಇಂಗ್ಲಿಷಿಗಿಂತ ಮುಂಚೆ ಅಡ್ಡ ಬಂದದ್ದು ಈ 'ಸುಮ್ನೆ'. ಇವತ್ತಿನ ನಮ್ಮ ಮಾತೆಲ್ಲ ಅದನ್ನು ಹೇಗೆ ತೆಗೆಯುವುದು ಎನ್ನುವುದರ ಬಗ್ಗೆಯೇ.

ಸಂಕೋಚಕ್ಕೆ ಕಾರಣ

ನಮ್ಮಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದು ದೋಷ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳಿಯೇ ಬೆಳೆದವರು ನಾವು. ಮಹಾಭಾರತದ ಕರ್ಣಪರ್ವದಲ್ಲಿ ಅರ್ಜುನ, ಅಣ್ಣನಿಗೆ ಅವಮಾನ ಮಾಡಿದೆನಲ್ಲಾ ಎಂದು ತನ್ನ ಪ್ರಾಣವನ್ನೇ ತೆಗೆದುಕೊಳ್ಳಲು ಹೊರಡುತ್ತಾನೆ. ಆಗ ಕೃಷ್ಣ ಹೇಳುವ ಉಪಾಯ ಏನು? ನಿನ್ನನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ ಎಂದು. ಇಂಥ ಕಥೆ ಕೇಳಿ ಬೆಳೆದ ಮಕ್ಕಳಿಗೆ, 'ಬಾ, ನಿನ್ನನ್ನು ನೀನು ಮಾರ್ಕೆಟಿಂಗ್ ಮಾಡಿಕೋ' ಅಂದರೆ ನಾಲಿಗೆ ಏಳುತ್ತದೆಯೇ?

ಆ ಸಂಸ್ಕಾರ ತಪ್ಪು ಎಂದು ನಾವು ಹೇಳುವುದಿಲ್ಲ. ಅದು ಒಳ್ಳೆಯದೇ. ಆದರೆ ಹೊಗಳಿಕೆ ಬೇರೆ, ಲೆಕ್ಕ ಬೇರೆ. 'ನಾನು ಬಹಳ ಪ್ರಾಮಾಣಿಕ, ಬಹಳ ಶ್ರಮಜೀವಿ' ಅನ್ನುವುದು ಹೊಗಳಿಕೆ. 'ಎರಡು ಬೇಸಿಗೆ ಸಂಘದ ಬಟವಾಡೆ ಪಟ್ಟಿ ತಯಾರಿಸಿದೆ, ಲೆಕ್ಕ ತಾಳೆಯಾಯಿತು' ಅನ್ನುವುದು ಲೆಕ್ಕ. ಮೊದಲನೆಯದನ್ನು ನಿಮ್ಮ ಬಗ್ಗೆ ಬೇರೆಯವರು ಹೇಳಬೇಕು. ಎರಡನೆಯದನ್ನು ನೀವೇ ಹೇಳಬೇಕು. ಯಾಕೆಂದರೆ ಅದು ನಿಮಗಷ್ಟೇ ಗೊತ್ತು. ತುಂಬಿದ ಕೊಡ ತುಳುಕಬೇಕಾಗಿಲ್ಲ. ಆದರೆ ಬಾಯಾರಿ ಬಂದವರು ಕೇಳಿದಾಗ ಬಗ್ಗಿಸಬೇಕಲ್ಲವೇ?

ನೋಡಿ, ನಮ್ಮ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಮಾಡುವುದೂ ಇದನ್ನೇ. ಕಾರ್ಯದರ್ಶಿಗಳು ಎದ್ದು ನಿಂತು, ಇಷ್ಟು ಹಾಲು ಶೇಖರಣೆ ಆಯಿತು, ಇಷ್ಟು ಹಣ ಬಟವಾಡೆ ಆಯಿತು, ಇಷ್ಟು ಲಾಭ, ಇಷ್ಟು ಬೋನಸ್ಸು ಎಂದು ವರದಿ ಓದುತ್ತಾರೆ. ಹಿಂದಿನ ಸಾಲಿನಿಂದ ಯಾರೋ ಎದ್ದು, "ಪಶು ಆಹಾರದ ಲೆಕ್ಕ ಯಾಕೆ ಜಾಸ್ತಿ ಆಗಿದೆ ಸ್ವಾಮಿ?" ಅಂತ ಕೇಳುತ್ತಾರೆ. ಕಾರ್ಯದರ್ಶಿಗಳು ಉತ್ತರ ಕೊಡುತ್ತಾರೆ. ಮಕ್ಕಳೇ, ಇದೇ ಪ್ರೆಸೆಂಟೇಷನ್. ಇಂಗ್ಲಿಷ್ ಹೆಸರು ಕೇಳಿ ಹೆದರಬೇಡಿ. ಕಾರ್ಯದರ್ಶಿಗಳು ಕೊಚ್ಚಿಕೊಂಡರು ಎಂದು ಯಾರಾದರೂ ಅಂದಿದ್ದಾರೆಯೇ? ಇಲ್ಲ. ವರದಿ ಓದದೆ ಕುಳಿತರೆ ತಾನೇ ಜನ ಅನುಮಾನ ಪಡುವುದು?

ನಮ್ಮ ಸಹಕಾರ ಚಳವಳಿ ಹುಟ್ಟಿದ್ದೂ ಹೀಗೆಯೇ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಕಂಡು ಕೇಳರಿಯದ ಸಂಘಕ್ಕೆ ರೈತರು ಹಣ ಹಾಕಬೇಕಾದರೆ ಯಾರೋ ಒಬ್ಬರು ನಿಂತು, ತಿಳಿಯುವ ಹಾಗೆ ವಿವರಿಸಿ, ನಂಬಿಕೆ ಗಳಿಸಲೇಬೇಕು. ಈಗಿನ ಕಾಲಕ್ಕೆ ಬನ್ನಿ. 2024ರ ಟಿ-20 ವಿಶ್ವಕಪ್ ಕ್ರಿಕೆಟ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಮ್ಮ 'ನಂದಿನಿ' ಪ್ರಾಯೋಜಕತ್ವ ನೀಡಿತು. ನಮ್ಮೂರಿನಂಥ ಸಾವಿರಾರು ಊರುಗಳ ಹಾಲು ಒಳ್ಳೆಯದೇ. ಆದರೂ ಅದು ತನ್ನ ಹೆಸರನ್ನು ಲೋಕಕ್ಕೆ ಹೇಳಿಕೊಳ್ಳಬೇಕಾಯಿತು. ಹಾಲಿಗೆ ಇಲ್ಲದ ನಾಚಿಕೆ ಹಾಲು ಹಾಕುವವರ ಮಕ್ಕಳಿಗೆ ಯಾಕೆ?

ತಯಾರಿ ಹೇಗೆ

ಅಮೆರಿಕದ ಮಿಸೌರಿ ರಾಜ್ಯದ ರೈತ ಕುಟುಂಬದಲ್ಲಿ 1888ರಲ್ಲಿ ಹುಟ್ಟಿದ ಡೇಲ್ ಕಾರ್ನೆಗಿ ಎಂಬಾತ 1912ರಲ್ಲಿ ನ್ಯೂಯಾರ್ಕ್‌ನಲ್ಲಿ ವ್ಯಾಪಾರ, ನೌಕರಿ ಮಾಡುವವರಿಗಾಗಿ ರಾತ್ರಿ ತರಗತಿ ಶುರುಮಾಡಿದ. ಕಲಿಸಿದ್ದು ಸಭೆಯಲ್ಲಿ ಮಾತನಾಡುವ ವಿದ್ಯೆ. ಅವನು ಕಂಡುಕೊಂಡ ಗುಟ್ಟು ಸರಳ. ಜನ ತಮ್ಮ ಸ್ವಂತ ಅನುಭವದ ಬಗ್ಗೆ ಮಾತನಾಡಲು ಹೊರಟರೆ ಭಯ ತಾನಾಗಿ ಕಡಿಮೆಯಾಗುತ್ತದೆ. ನಾವೂ ತಡವಾಗಿಯಾದರೂ ಇದನ್ನೇ ಹಿಡಿದೆವು.

ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ. ಸಂದರ್ಭ ಏನಿತ್ತು? ನಿಮ್ಮ ಹೊಣೆ ಏನಾಗಿತ್ತು? ನೀವು ಏನು ಮಾಡಿದಿರಿ? ಫಲ ಏನಾಯಿತು? ಇಷ್ಟೇ. ಕಾರ್ಯದರ್ಶಿಗೆ ಕಾಯಿಲೆ, ಇದು ಸಂದರ್ಭ. ಲೆಕ್ಕ ನಿಲ್ಲದಂತೆ ನೋಡಿಕೊಳ್ಳುವುದು ಹೊಣೆ. ದಿನವೂ ಪುಸ್ತಕ ಬರೆದು ತಾಳೆ ನೋಡಿದ್ದು ಕೆಲಸ. ತಪ್ಪು ಸಿಕ್ಕಿ ಉತ್ಪಾದಕರಿಗೆ ಬಾಕಿ ಹಣ ಬಂದದ್ದು ಫಲ. ಇದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿ. 'ಐ ಕೆಪ್ಟ್ ದಿ ಬುಕ್ಸ್. ಐ ಫೌಂಡ್ ಎ ಮಿಸ್ಟೇಕ್. ಐ ಕರೆಕ್ಟೆಡ್ ಇಟ್.' ಮೂರು ಸಣ್ಣ ವಾಕ್ಯ. ದೊಡ್ಡ ದೊಡ್ಡ ಪದ ಬೇಕಾಗಿಲ್ಲ. ಮುಪ್ಪುರಿ ಹಗ್ಗದಂಥ ಉದ್ದ ವಾಕ್ಯ ಕಟ್ಟಲು ಹೋಗಿ ಮಧ್ಯದಲ್ಲಿ ಸಿಕ್ಕಿಬೀಳುವುದಕ್ಕಿಂತ ಇದು ಮೇಲು.

ಇಲ್ಲಿ ಆ 'ನಾನು', 'ನಾವು' ವಿಚಾರ ಬರುತ್ತದೆ. ನಮ್ಮ ಮಕ್ಕಳು ಸಂಕೋಚಕ್ಕೆ ತಾವೊಬ್ಬರೇ ಮಾಡಿದ ಕೆಲಸಕ್ಕೂ 'ವೀ' ಅನ್ನುತ್ತಾರೆ. ಕೇಳುವವರಿಗೆ ಗೊಂದಲ. 'ಅದರಲ್ಲಿ ನೀವು ಮಾಡಿದ್ದೆಷ್ಟು?' ಎಂದು ಮರುಪ್ರಶ್ನೆ ಹಾಕುತ್ತಾರೆ. ಇನ್ನು ಕೆಲವು ಜಾಣರು ಐದು ಜನ ಸೇರಿ ಮಾಡಿದ ಪ್ರಾಜೆಕ್ಟನ್ನು ತಮ್ಮೊಬ್ಬರ ಹೆಸರಿಗೆ ಬರೆದುಕೊಂಡು 'ಐ' ಅನ್ನುತ್ತಾರೆ. ಎರಡೂ ತಪ್ಪು ಲೆಕ್ಕವೇ. ಸಹಕಾರಿ ಮನೆಯ ಮಕ್ಕಳು ನೀವು. ಷೇರು ಎಷ್ಟೋ ಅಷ್ಟು ಲಾಭಾಂಶ. ಕೂಡಿ ಮಾಡಿದ್ದಕ್ಕೆ 'ವೀ' ಎನ್ನಿ, ನೀವೇ ಮಾಡಿದ್ದಕ್ಕೆ ಧೈರ್ಯವಾಗಿ 'ಐ' ಎನ್ನಿ. ಅದರಲ್ಲಿ ಅಹಂಕಾರವಿಲ್ಲ.

ಭಾಷೆಯ ಕೆಲವು ಎಡವಟ್ಟುಗಳು

ಪರಿಚಯ ಹೇಳುವಾಗ ನಮ್ಮವರು ಹತ್ತರಲ್ಲಿ ಎಂಟು ಮಂದಿ 'ಮೈಸೆಲ್ಫ್' ಎಂದು ಶುರುಮಾಡಿ ಹೆಸರು ಹೇಳುತ್ತಾರೆ. 'ಮೈಸೆಲ್ಫ್' ಅಂದರೆ 'ನಾನೇ ಸ್ವತಃ' ಎಂದಾಗುತ್ತದೆ. 'ಮೈ ನೇಮ್ ಈಸ್' ಅಥವಾ 'ಐ ಆಮ್' ಅಂದರೆ ಸಾಕು. 'ಐ ಆಮ್ ಹ್ಯಾವಿಂಗ್ ಎ ಡಿಗ್ರಿ', 'ಐ ಆಮ್ ನೋಯಿಂಗ್ ಟ್ಯಾಲಿ' ಅನ್ನಬೇಡಿ. ಇರುವುದು, ಗೊತ್ತಿರುವುದು ನಡೆಯುತ್ತಿರುವ ಕ್ರಿಯೆಯಲ್ಲ, ಅದು ಸ್ಥಿತಿ. 'ಐ ಹ್ಯಾವ್', 'ಐ ನೋ' ಎನ್ನಿ.

ಆಗಿಹೋದ ಕೆಲಸ ಹೇಳುವಾಗ ಕ್ರಿಯಾಪದದ ಕೊನೆ ನುಂಗಬೇಡಿ. ಆ ಕೊನೆಯನ್ನು ಬರೆಯುವುದು ಒಂದೇ ಥರ, ಆದರೆ ಉಚ್ಚಾರ ಮೂರು ಬಗೆ. 'ಚೆಕ್ಡ್' ಎಂದು ಬರೆದರೂ ಬಾಯಲ್ಲಿ 'ಚೆಕ್‌ಟ್' ಎಂದು ಬರಬೇಕು. 'ಪ್ರಿಪೇರ್ಡ್' ಎಂಬಲ್ಲಿ 'ಡ್'. 'ಕಲೆಕ್ಟೆಡ್' ಎಂಬಲ್ಲಿ 'ಇಡ್'. ಕೊನೆಯನ್ನು ನುಂಗಿದರೆ ಮಾಡಿದ ಕೆಲಸ ಮಾಡುವ ಕೆಲಸವಾಗಿ ಕೇಳಿಸುತ್ತದೆ.

ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚು ಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಹಾಗಲ್ಲ. ಪದದ ಒಂದು ಭಾಗವನ್ನು ಒತ್ತಿ ಹೇಳಬೇಕು. ಒತ್ತು ಬದಲಾದರೆ ಅರ್ಥವೂ ಬದಲಾಗಬಹುದು. 'ರೆಕಾರ್ಡ್' ಪದದ ಮೊದಲ ಭಾಗ ಒತ್ತಿದರೆ ದಾಖಲೆ, ಕೊನೆಯ ಭಾಗ ಒತ್ತಿದರೆ ದಾಖಲಿಸು. 'ಪ್ರೆಸೆಂಟ್' ಕೂಡ ಹಾಗೆಯೇ. ಮೊದಲ ಭಾಗ ಒತ್ತಿದರೆ ಉಡುಗೊರೆ, ಕೊನೆಯದು ಒತ್ತಿದರೆ ಮಂಡಿಸು. ವಾಣಿಜ್ಯದವರಿಗೆ ಇನ್ನೂ ಮುಖ್ಯವಾದದ್ದು ಸಂಖ್ಯೆ. 'ಥರ್ಟೀನ್' ಹೇಳುವಾಗ ಕೊನೆಯನ್ನು ಎಳೆದು ಒತ್ತಿ, 'ಥರ್ಟಿ' ಹೇಳುವಾಗ ಮೊದಲನ್ನು ಒತ್ತಿ. ಇಲ್ಲವಾದರೆ ಹದಿಮೂರು ಸಾವಿರ ಮೂವತ್ತು ಸಾವಿರವಾಗಿ ಕೇಳಿಸಿ ಜಗಳ ಹತ್ತುತ್ತದೆ.

ಇನ್ನೊಂದು, 'ಬೈ' ಮತ್ತು 'ಟು'. 'ಶೇಕಡಾ ಹತ್ತರಷ್ಟು ಏರಿತು' ಅನ್ನುವಾಗ 'ರೋಸ್ ಬೈ ಟೆನ್ ಪರ್ಸೆಂಟ್'. 'ಶೇಕಡಾ ಹತ್ತಕ್ಕೆ ಏರಿತು' ಅನ್ನುವಾಗ 'ರೋಸ್ ಟು ಟೆನ್ ಪರ್ಸೆಂಟ್'. ಕನ್ನಡದ 'ಅಷ್ಟು' ಮತ್ತು 'ಕ್ಕೆ' ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ಹೊರದೇಶದವರು ಎದುರಿಗಿದ್ದರೆ ಲಕ್ಷ, ಕೋಟಿ ಅವರಿಗೆ ಅರ್ಥವಾಗದೆ ಹೋಗಬಹುದು. 10 ಲಕ್ಷ ಅಂದರೆ 1 ಮಿಲಿಯನ್, 1 ಕೋಟಿ ಅಂದರೆ 10 ಮಿಲಿಯನ್, 100 ಕೋಟಿ ಅಂದರೆ 1 ಬಿಲಿಯನ್. ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ.

ನಮ್ಮ ಉಚ್ಚಾರದಲ್ಲಿ ಕನ್ನಡದ ವಾಸನೆ ಇರುತ್ತದಲ್ಲ ಸಾರ್ ಎಂದು ಕೆಲವರು ಕೇಳುತ್ತಾರೆ. ಇರಲಿ ಬಿಡಿ. ಲಂಡನ್ನಿನವರ ಹಾಗೆ ಮಾತನಾಡುವುದು ಗುರಿಯಲ್ಲ. ಎದುರಿನವರು ಎರಡನೇ ಸಲ ಕೇಳದ ಹಾಗೆ ಹೇಳುವುದು ಗುರಿ. ನಿಧಾನವಾಗಿ, ಅರ್ಥ ಮುಗಿದಲ್ಲಿ ಉಸಿರು ತೆಗೆದುಕೊಂಡು ಹೇಳಿದರೆ ಅರ್ಧ ಕಷ್ಟ ಕಳೆಯಿತು.

ತೆರೆಯ ಮುಂದೆ ನಿಂತಾಗ

ಪವರ್‌ಪಾಯಿಂಟ್ ಎಂಬ ಸಾಫ್ಟ್‌ವೇರ್ 1987ರಲ್ಲಿ ಬಂತು. ಅದಕ್ಕೂ ಮುಂಚೆ ಜನ ವಿಷಯ ಮಂಡಿಸುತ್ತಿರಲಿಲ್ಲವೇ? ಸ್ಲೈಡು ನಿಮ್ಮ ಸಹಾಯಕ, ನೀವು ಅದರ ಸಹಾಯಕರಲ್ಲ. ನಮ್ಮ ಕಾಲೇಜಿನಲ್ಲಿ ಮಕ್ಕಳು ಒಂದೊಂದು ಸ್ಲೈಡಿಗೆ ಇಡೀ ಪುಟ ತುಂಬಿಸಿ, ಸಭೆಗೆ ಬೆನ್ನು ತಿರುಗಿಸಿ, ತೆರೆ ನೋಡಿಕೊಂಡು ಓದಿ ಮುಗಿಸುತ್ತಿದ್ದರು. ಓದುವುದಾದರೆ ಸಭೆಯೇ ಓದಿಕೊಳ್ಳುತ್ತದೆ, ನೀವೇಕೆ? ಒಂದು ಸ್ಲೈಡಿಗೆ ಒಂದು ವಿಷಯ. ಅಂಕಿ ಇದ್ದರೆ ದೊಡ್ಡದಾಗಿ ಹಾಕಿ. ಅದರ ಅರ್ಥವನ್ನು ಬಾಯಲ್ಲಿ ಹೇಳಿ. ಕರೆಂಟು ಹೋದರೂ ನಿಲ್ಲದ ಹಾಗೆ ವಿಷಯ ತಲೆಯಲ್ಲಿರಬೇಕು. ನಮ್ಮ ಕಡೆ ಕರೆಂಟಿನ ವಿಚಾರ ನಿಮಗೇ ಗೊತ್ತಲ್ಲ!

ಪ್ರಶ್ನೆ ಬಂದಾಗ ಉತ್ತರ ಗೊತ್ತಿಲ್ಲವೇ? ಗೊತ್ತಿಲ್ಲ, ನೋಡಿ ತಿಳಿಸುತ್ತೇನೆ ಎನ್ನಿ. 'ಐ ಡೋಂಟ್ ನೋ, ಐ ವಿಲ್ ಫೈಂಡ್ ಔಟ್.' ಸರ್ವಸದಸ್ಯರ ಸಭೆಯಲ್ಲಿ, 'ಪುಸ್ತಕ ನೋಡಿ ನಾಳೆ ಹೇಳ್ತೀನಿ' ಅಂದ ಕಾರ್ಯದರ್ಶಿಯನ್ನು ಜನ ನಂಬುತ್ತಾರೆ. ಬಾಯಿಗೆ ಬಂದದ್ದು ಹೇಳಿದವರನ್ನು ನಂಬುವುದಿಲ್ಲ.

ಒಂದು ಎಚ್ಚರಿಕೆ

ಮಾತಿನ ವಿದ್ಯೆ ಬಂದ ಮೇಲೆ ಇನ್ನೊಂದು ಅಪಾಯ ಕಾದಿರುತ್ತದೆ. ಮಾಡದ ಕೆಲಸವನ್ನು ಮಾಡಿದೆ ಅನ್ನುವ ಆಸೆ. ಬಯೋಡಾಟಾದಲ್ಲಿ ಇಲ್ಲದ ಅನುಭವ, ಬಾರದ ಸಾಫ್ಟ್‌ವೇರು, ಓದದ ಕೋರ್ಸು ಸೇರಿಸುವವರಿದ್ದಾರೆ. ನಮ್ಮ ವಿದ್ಯಾರ್ಥಿಗಳೂ ಸೇರಿಸಿದ್ದಾರೆ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬಿದ್ದು ತಲೆ ತಗ್ಗಿಸಿದ್ದಾರೆ. ಹಾಲಿಗೆ ನೀರು ಬೆರೆಸಿದರೆ ಕ್ಯಾನಿನಲ್ಲಿ ಪ್ರಮಾಣ ಹೆಚ್ಚು ಕಾಣುತ್ತದೆ. ಲ್ಯಾಕ್ಟೋಮೀಟರ್ ಇಳಿಬಿಟ್ಟ ತಕ್ಷಣ ಬಣ್ಣ ಬಯಲು. ಆಮೇಲೆ ಆ ಮನೆಯವರು ಒಳ್ಳೆಯ ಹಾಲು ತಂದರೂ ಪರೀಕ್ಷಕರು ಎರಡು ಸಲ ನೋಡುತ್ತಾರೆ. ನಿಮ್ಮ ಬಗ್ಗೆ ನೀವು ಹೇಳುವ ಮಾತಿಗೂ ಇದೇ ನ್ಯಾಯ. ಲೆಕ್ಕಪರಿಶೋಧಕರು ಬಂದು ಕೂತರೂ ತಾಳೆಯಾಗುವಷ್ಟನ್ನೇ ಹೇಳಿ. ಆದರೆ ಅಷ್ಟನ್ನು ಪೂರ್ತಿ ಹೇಳಿ. ಕಡಿಮೆ ಬರೆದರೂ ಅದು ತಪ್ಪು ಲೆಕ್ಕವೇ ತಾನೇ?

ಅಭ್ಯಾಸ

ಇದೆಲ್ಲ ಕೇಳಿ ಮನೆಗೆ ಹೋದರೆ ಏನೂ ಬರುವುದಿಲ್ಲ. ಈಜು ಕಲಿಯಬೇಕಾದರೆ ಬಾವಿಗೆ ಇಳಿಯಲೇಬೇಕು. ನಾವು ಆ ಹೆಣ್ಣುಮಗಳಿಗೂ ಇನ್ನು ಕೆಲವರಿಗೂ ಮಾಡಿಸಿದ್ದು ಇಷ್ಟು. ಶನಿವಾರ ಸಂಜೆ ಎಂಟು ಹತ್ತು ಮಂದಿ ಕೂಡುವುದು. ಒಬ್ಬೊಬ್ಬರಿಗೆ ಎರಡು ನಿಮಿಷ, ಗಡಿಯಾರ ಹಿಡಿದು. ಮೊದಲು ಕನ್ನಡದಲ್ಲಿ, ಆಮೇಲೆ ಅದೇ ಮಾತು ಇಂಗ್ಲಿಷಿನಲ್ಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ತಮ್ಮ ಧ್ವನಿ ತಾವೇ ಕೇಳುವುದು. ಮೊದಲ ದಿನ ಎಲ್ಲರಿಗೂ ನಾಚಿಕೆ. ಕೇಳುವವರು ನಗಬಾರದು, ಆದರೆ ತಪ್ಪು ಬಿಡಬಾರದು. ಒಬ್ಬರು ಪ್ರಶ್ನೆ ಹಾಕಲೇಬೇಕು. ಒಂದೇ ಒಂದು ಪದಕ್ಕೆ ದಂಡ, 'ಸುಮ್ನೆ'. 'ಜಸ್ಟ್' ಎಂದು ಇಂಗ್ಲಿಷಿನಲ್ಲಿ ತಂದರೂ ದಂಡ. ಒಂದು ರೂಪಾಯಿ ಹುಂಡಿಗೆ ಹಾಕಬೇಕು. ಆ ಹುಂಡಿಯ ದುಡ್ಡಿನಲ್ಲಿ ಎಷ್ಟೋ ವಾರ ಚಹಾ ಕುಡಿದಿದ್ದೇವೆ.

ನಾಲ್ಕು ತಿಂಗಳ ಮೇಲೆ ಅವಳು ಇನ್ನೊಂದು ಸಂದರ್ಶನಕ್ಕೆ ಹೋದಳು. ಹಿಂದಿರುಗಿ ಬಂದು ಹೇಳಿದಳು: "ಸಾರ್, ಎರಡು ಕಡೆ ಗ್ರಾಮರ್ ತಪ್ಪಾಯ್ತು. ಆದ್ರೆ ಡೈರಿ ಲೆಕ್ಕದ ವಿಷ್ಯ ಹೇಳಿದ ಮೇಲೆ ಅವರು ಅದನ್ನೇ ಹತ್ತು ನಿಮಿಷ ಕೇಳಿದ್ರು. ಫ್ಯಾಟ್ ಅಂದ್ರೇನು, ರೇಟ್ ಹೇಗೆ ಕಟ್ತೀರಿ ಅಂತ. ನನಗೆ ಗೊತ್ತಿರೋದೇ ಅಲ್ವಾ, ಭಯಾನೇ ಆಗ್ಲಿಲ್ಲ." ಅವಳಿಗೆ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಎಲ್ಲರಿಗೂ ಹೀಗೇ ಆಯಿತು ಎಂದು ನಾವು ಹೇಳುವುದಿಲ್ಲ. ಆ ಗುಂಪಿನಲ್ಲಿ ಕೆಲವರಿಗೆ ತಡವಾಗಿ ಸಿಕ್ಕಿತು, ಕೆಲವರು ಊರಿನಲ್ಲೇ ವ್ಯಾಪಾರ ಹಿಡಿದರು. ಆದರೆ ಕೇಳಿದವರ ಮುಂದೆ ಬಾಯಿಲ್ಲದವರಂತೆ ನಿಂತು ಬಂದವರು ಆಮೇಲೆ ಯಾರೂ ಇಲ್ಲ.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ಸಂಜೆ ಹಾಲು ಶೇಖರಣೆ ಮುಗಿದ ಮೇಲೆ ಸಂಘದ ಸಭಾಂಗಣ ಖಾಲಿ ಇರುತ್ತದೆ. ಶನಿವಾರ ಒಂದು ಗಂಟೆ ಈ ಮಕ್ಕಳಿಗೆ ಅದನ್ನು ಬಿಟ್ಟುಕೊಡಿ. ನಾವಿಬ್ಬರೂ ಬಂದು ಕೂರುತ್ತೇವೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ವರದಿಯ ಒಂದು ಭಾಗವನ್ನು ಒಬ್ಬ ವಿದ್ಯಾರ್ಥಿನಿಯೋ ವಿದ್ಯಾರ್ಥಿಯೋ ಕನ್ನಡದಲ್ಲಿ ಮಂಡಿಸಲಿ. ಊರಿನವರ ಪ್ರಶ್ನೆ ಎದುರಿಸಿದವರಿಗೆ ಬೆಂಗಳೂರಿನವರ ಪ್ರಶ್ನೆ ಏನೂ ಅಲ್ಲ.

ತಾಯಂದಿರಿಗೂ ಒಂದು ಮಾತು. ಮಗಳು ಕನ್ನಡಿ ಮುಂದೆ ನಿಂತು ಇಂಗ್ಲಿಷಿನಲ್ಲಿ ಏನೋ ಗೊಣಗುತ್ತಿದ್ದರೆ ನಗಬೇಡಿ. ಅವಳು ಲೆಕ್ಕ ಒಪ್ಪಿಸುವುದನ್ನು ಕಲಿಯುತ್ತಿದ್ದಾಳೆ. ಮತ್ತೆ ನಿಮ್ಮನ್ನು ಯಾರಾದರೂ 'ಏನು ಕೆಲಸ ಮಾಡ್ತೀರಿ' ಅಂತ ಕೇಳಿದರೆ, 'ಸುಮ್ನೆ ಮನೇಲಿದೀನಿ, ಎರಡು ಹಸು ಇವೆ' ಅನ್ನಬೇಡಿ. ಇಪ್ಪತ್ತೈದು ವರ್ಷ ಈ ಸಂಘವನ್ನು ನಡೆಸಿದ್ದು ಆ ಎರಡು ಹಸುಗಳೇ, ನಿಮ್ಮ ಕೈಗಳೇ.

ಸಂಘ ಸುವರ್ಣ ಮಹೋತ್ಸವ ಕಾಣಲಿ, ಆ ದಿನ ಇದೇ ವೇದಿಕೆಯಲ್ಲಿ ನಿಂತು ಮಾತನಾಡುವವರು ಇವತ್ತು ಕೆಳಗೆ ಕುಳಿತಿರುವ ಈ ಮಕ್ಕಳೇ ಆಗಲಿ ಎಂದು ಹಾರೈಸುತ್ತೇವೆ.